ಹಿರೇಬೆಂಡಿಗೇರಿ ಸೊಸೆಯ ಅರ್ಧ ಅಂಕ

ಮೊದಲ ನಡೆಗೇ ಅವಳು ಎರಡೂ ಕೈ ಹಾಕಿದಳು. ಎಡಗೈಯಲ್ಲಿ ಮಂತ್ರಿಯ ಮುಂದಿನ ಕಾಲಾಳು, ಬಲಗೈಯಲ್ಲಿ ರಾಜನ ಮುಂದಿನದು. ಎರಡನ್ನೂ ಒಟ್ಟಿಗೆ ಒಂದೊಂದು ಮನೆ ಸರಿಸಿ, ಸೆರಗು ಸರಿಮಾಡಿಕೊಂಡು, "ಹೂಂ, ನೀವು ನಡಸ್ರಿ ಅಕ್ಕೋರ," ಎಂದಳು. ಶಿಗ್ಗಾವಿಯಲ್ಲಿ ನನ್ನ ಶುಕ್ರವಾರದ ಚೆಸ್ ತರಗತಿ ಆಗಷ್ಟೇ ಮುಗಿದಿತ್ತು. ಹಿರೇಬೆಂಡಿಗೇರಿಯಿಂದ ಮಗಳನ್ನು ಕರೆತರುತ್ತಿದ್ದ ಈ ಹೆಣ್ಣುಮಗಳು ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದವಳು, ಅಂದು ಒಳಗೆ ಬಂದು ತನ್ನ ಜೊತೆಗೂ ಒಂದು ಆಟ ಆಡುತ್ತೀರಾ ಎಂದು ಕೇಳಿದ್ದಳು. ನನಗೆ ಬಸ್ಸಿಗೆ ಹೊತ್ತಾಗಿತ್ತು. ಆದರೂ ಆ ಎರಡು ಕೈ ನೋಡಿದ ಮೇಲೆ ಎದ್ದು ಹೋಗಲು ಮನಸ್ಸು ಬರಲಿಲ್ಲ.

ನಮ್ಮ ಹಳ್ಳಿಗಳ ಆಟವೇ ಹಾಗೆ. ಶುರುವಿಗೆ ಇಬ್ಬರೂ ಎರಡೆರಡು ಕಾಲಾಳು ನಡೆಸಬಹುದು. ಆಮೇಲೆ ಕಾಲಾಳಿಗೆ ಯಾವತ್ತೂ ಒಂದೇ ಮನೆ. ಟೂರ್ನಮೆಂಟಿನ ಆಟದಲ್ಲಿ ರಾಜ ಎರಡು ಮನೆ ಮೂಲೆಯ ಕಡೆಗೆ ಸರಿದು, ಆನೆ ಅವನನ್ನು ದಾಟಿ ಪಕ್ಕಕ್ಕೆ ಬಂದು ನಿಲ್ಲುತ್ತದಲ್ಲ, ಆ ಕೋಟೆ ಕಟ್ಟುವ ನಡೆ ಹಳ್ಳಿಯಲ್ಲಿ ಇಲ್ಲ. ಅದರ ಬದಲು ರಾಜನಿಗೆ ಇಡೀ ಆಟದಲ್ಲಿ ಒಂದು ಸಲ ಕುದುರೆಯ ಹಾಗೆ ಜಿಗಿಯುವ ಹಕ್ಕು ಇದೆ. ಹೀಗೆ ಆಡಿ ಬೆಳೆದವರು ನಾನು ಕಲಿಸಲು ತಿರುಗುವ ನಾಲ್ಕೂ ತಾಲೂಕಿನಲ್ಲಿ ಇನ್ನೂ ಇದ್ದಾರೆ, ಗುಡಿಯ ಕಟ್ಟೆಯ ಮೇಲೆ, ಗಿರಣಿಯ ಮುಂದೆ, ಕ್ಷೌರದ ಅಂಗಡಿಯ ಬೆಂಚಿನ ಮೇಲೆ. ಇವಳಿಗೆ ಕಲಿಸಿದವರು ಅವಳ ಮಾವ. ಅವರ ಜೋಡಿ ಆಡುತ್ತಿದ್ದ ಗೆಳೆಯರು ಒಬ್ಬೊಬ್ಬರಾಗಿ ಹೋದ ಮೇಲೆ ಮನೆಯಲ್ಲಿ ಕೈಗೆ ಸಿಕ್ಕವಳು ಸೊಸೆ. ಮಧ್ಯಾಹ್ನ ಊಟ ಆದ ಮೇಲೆ ಒಂದು ಆಟ ಎಂದು ಶುರುವಾಗಿದ್ದು, ಮದುವೆಯಾಗಿ ಬಂದಾಗಿನಿಂದ ನಡೆದೇ ಇತ್ತು.

ಅಂದು ನಾನು ಅವಳನ್ನು ಬೇಗನೇ ಸೋಲಿಸಿದೆ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ನನ್ನ ಕಾಲಾಳು ಎರಡು ಮನೆ ಹಾರಿದಾಗಲೆಲ್ಲ ಅವಳು ಬೆಚ್ಚಿಬೀಳುತ್ತಿದ್ದಳು. ನನ್ನ ಗಮನ ಹಿಡಿದದ್ದು ಬೇರೆ. ಸೋತ ಮೇಲೆ ಯಾರೂ ಹೇಳದೆಯೇ ಕಾಯಿಗಳನ್ನು ಹಿಂದಕ್ಕೆ ನಡೆಸುತ್ತ ಹೋಗಿ, ತಾನು ತಪ್ಪಿದ ಜಾಗಕ್ಕೆ ಬಂದು ನಿಲ್ಲಿಸಿ, "ಇಲ್ಲೆ ಕೆಟ್ಟೆ ನೋಡ್ರಿ," ಎಂದಳು. ನಾನು ಎಷ್ಟೋ ಮಕ್ಕಳಿಗೆ ವರ್ಷಗಟ್ಟಲೆ ಬಾಯಿ ಬಡಿದುಕೊಂಡರೂ ಮಾಡದ ಕೆಲಸ ಅದು.

ಆ ದಿನಗಳಲ್ಲಿ ನನಗೊಬ್ಬರು ಜೊತೆಗಾರರು ಬೇಕೇ ಬೇಕಾಗಿತ್ತು. ಮನೆ ಹಾನಗಲ್ಲಿನಲ್ಲಿ, ವಾರದಲ್ಲಿ ಹಿರೇಕೆರೂರು, ಸವಣೂರು, ಶಿಗ್ಗಾವಿ ಎಂದು ಬಸ್ಸು ಹತ್ತಿ ಇಳಿದು ನನ್ನ ಮಂಡಿ ಕೂಗುತ್ತಿತ್ತು. ಸವಣೂರಿನ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಹೆಚ್ಚಿ, ವಾರಕ್ಕೆ ಎರಡು ದಿನ ತರಗತಿ ಬೇಕು ಎನ್ನುತ್ತಿದ್ದರು. ಇವಳಿಗೆ ಸವಣೂರಿನ ಹತ್ತಿರದ ಯಲವಿಗಿಯಲ್ಲಿ ತವರು, ಸವಣೂರಿನ ಓಣಿ ಓಣಿ ಗೊತ್ತು. ನಾನು ಹೋಗಿ ಅಲ್ಲಿನ ಹೆಡ್ ಮೇಡಂ ಹತ್ತಿರ ಮಾತೆತ್ತಿದೆ. ಅವರು ಒಳ್ಳೆಯವರೇ, ಆದರೆ ಖಡಕ್. ಹೊಸಬರನ್ನು ತೆಗೆದುಕೊಳ್ಳಬೇಕಾದರೆ ಅಂತರರಾಷ್ಟ್ರೀಯ ರೇಟಿಂಗ್ ಪಟ್ಟಿಯಲ್ಲಿ ಹೆಸರಿರಬೇಕು, ಪಾಲಕರು ಮೊಬೈಲಿನಲ್ಲಿ ಹುಡುಕಿ ನೋಡುತ್ತಾರೆ, ಹೆಸರಿಲ್ಲದವರನ್ನು ಕೂರಿಸಿದರೆ ನನ್ನನ್ನು ಕೇಳುತ್ತಾರೆ ಎಂದರು. ಶಾಲೆ ಶುರುವಾಗುವ ಮೊದಲು ಹೆಸರು ಬಂದರೆ ಕೆಲಸ ಅವಳದು.

ಇದನ್ನು ಅವಳಿಗೆ ಹೇಳಿ, ಬೇಕೇನು ಎಂದು ಕೇಳಿದೆ. ಮನೆಯಲ್ಲಿ ಹೊಲಿಗೆ ಯಂತ್ರ ಇತ್ತು, ಗಂಡನ ಹಿಟ್ಟಿನ ಗಿರಣಿ ಇತ್ತು, ಕೊರತೆ ಏನೂ ಇರಲಿಲ್ಲ.

"ಅಲ್ಲರಿ ಅಕ್ಕೋರ," ಎಂದಳು. "ನಾ ಅವರ ಸೊಸಿ, ಇವರ ಹೆಂಡ್ತಿ, ಇಕಿ ಅವ್ವ. ನನ್ನ ಹೆಸರು ಹಿಡದು ಕರಿಯೋ ಜಾಗಾ ಒಂದೂ ಇಲ್ಲ. ಒಂದು ಇರ್ಲಿ ಅನಸ್ತೈತಿ."

ಕಲಿಸಲು ಒಪ್ಪಿಕೊಂಡೆ.

ನಾನು ಕಲಿಸಿದ್ದು ಎಲ್ಲರಿಗೂ ಕಲಿಸುವ ಇಟಾಲಿಯನ್ ಓಪನಿಂಗ್. ರಾಜನ ಕಾಲಾಳು ಎರಡು ಮನೆ, ಕುದುರೆ ಹೊರಗೆ, ಒಂಟೆ ಹೊರಗೆ, ಕೋಟೆ. ನಾಲ್ಕೈದೇ ನಡೆಯಲ್ಲಿ ಕಾಯಿಗಳೆಲ್ಲ ಎದ್ದು ನಿಂತು ಜಗಳಕ್ಕೆ ತಯಾರು. ಮಕ್ಕಳಿಗೆ ಅದು ಬೇಗ ಹಿಡಿಸುತ್ತದೆ. ಇವಳು ಬಾಯಿಪಾಠ ಮಾಡಿದಳು, ಕೇಳಿದರೆ ಹನ್ನೆರಡು ನಡೆಯವರೆಗೆ ಗಡಗಡ ಹೇಳುತ್ತಿದ್ದಳು. ಆದರೆ ಬೋರ್ಡಿನ ಮುಂದೆ ಕೂತರೆ ಕಾಲಾಳು ಹಿಡಿದ ಕೈ ಒಂದು ಮನೆಗೆ ನಿಂತುಬಿಡುತ್ತಿತ್ತು; ನನ್ನ ಮುಖ ನೋಡಿ, ಇನ್ನೊಂದು ಮನೆ ನೂಕುತ್ತಿದ್ದಳು. ನಾನು ಬೈಯುತ್ತಿದ್ದೆ. ನನ್ನ ಬಾಯಿ ಸ್ವಲ್ಪ ಜೋರು, ಅದು ನಾಲ್ಕೂ ತಾಲೂಕಿಗೆ ಗೊತ್ತಿರುವ ವಿಷಯ.

ಪರೀಕ್ಷಿಸಿ ನೋಡೋಣವೆಂದು ಶಿಗ್ಗಾವಿಯಲ್ಲಿ ಒಂದು ಭಾನುವಾರದ ಸಣ್ಣ ಪಂದ್ಯಕ್ಕೆ ಕೂರಿಸಿದೆ. ಒಂದೂ ಅಂಕ ಬರಲಿಲ್ಲ. ಪ್ರತಿ ಆಟದಲ್ಲೂ ಒಂದೇ ಕಥೆ: ಪಾಠ ಮಾಡಿದ ನಡೆ ಮುಗಿಯುವವರೆಗೆ ಸರಿಯಾಗಿರುತ್ತಿದ್ದಳು, ಎದುರಾಳಿ ಪಾಠದಲ್ಲಿಲ್ಲದ ಒಂದು ನಡೆ ಆಡಿದ ಕೂಡಲೇ ಬೀದಿಯಲ್ಲಿ ದಾರಿ ತಪ್ಪಿದವರಂತೆ ಸುತ್ತ ನೋಡುತ್ತಿದ್ದಳು. ಕಡೆಯ ಆಟದಲ್ಲಿ ಆರನೇ ತರಗತಿಯ ಒಂದು ಪೋರಿಯ ಕೈಲಿ ಸೋತು ಎದ್ದು ಬಂದವಳು ನನ್ನ ಹತ್ತಿರ ಅಳಲಿಲ್ಲ. ಬ್ಯಾಗಿನಿಂದ ಚುರುಮುರಿ ತೆಗೆದು ನನಗೂ ಕೊಟ್ಟು, ತನಗೆ ಈ ಆಟ ಒಗ್ಗುವುದಿಲ್ಲ ಅನಿಸುತ್ತದೆ, ನೀವು ಸವಣೂರಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದಳು. ನನಗೆ ಸಿಟ್ಟು ಬಂತು, ಅವಳ ಮೇಲೆ ಅಲ್ಲ. ಏನೋ ಒಂದು ನನ್ನ ಕಣ್ಣಿಗೆ ಬೀಳುತ್ತಿಲ್ಲ ಎಂಬ ಸಿಟ್ಟು.

ಮುಂದಿನ ವಾರ ನಾನೇ ಹಿರೇಬೆಂಡಿಗೇರಿಗೆ ಹೋದೆ. ಪಡಸಾಲೆಯಲ್ಲಿ ಮಾವ-ಸೊಸೆ ಎದುರುಬದುರು ಕೂತಿದ್ದರು. ನನ್ನನ್ನು ನೋಡಿ ಅವಳು ಎದ್ದಳು. ನಾನು ಆಟ ಮುಗಿಸಿ ಎಂದು ಹೇಳಿ ಗೋಡೆಗೆ ಒರಗಿ ಕೂತೆ. ಅಲ್ಲಿ ನಾನು ನೋಡಿದ ಹೆಣ್ಣುಮಗಳೇ ಬೇರೆ. ಕಾಲಾಳುಗಳು ಒಂದೊಂದೇ ಮನೆ ನಡೆದು ಒಂದಕ್ಕೊಂದು ಹೆಗಲು ಕೊಟ್ಟು ನಿಂತವು. ಒಂಟೆ ಪಕ್ಕದ ಕಾಲಾಳಿನ ಹಿಂದಿನ ಮನೆಯಲ್ಲಿ ಅಡಗಿ ಕೂತು ಉದ್ದಕ್ಕೆ ಕಣ್ಣು ಹಾಯಿಸಿತು. ಕುದುರೆಗಳು ಬೇಲಿಯ ಹಿಂದೆ ಸುಮ್ಮನೆ ನಿಂತವು. ಹದಿನೈದು ನಡೆಯಾದರೂ ಒಂದು ಕಾಯಿ ಸತ್ತಿರಲಿಲ್ಲ. ಅವಸರ ಎಂಬುದೇ ಇಲ್ಲ. ಆಮೇಲೆ ಒಮ್ಮೆ ಬಾಗಿಲು ತೆರೆದಾಗ ಮಾವನ ಸಾಲು ಕುಸಿಯುತ್ತ ಬಂತು. "ನೋಡ್ರಿ, ನನ್ನ ಕಲಿಕಿ ನನಗ ತಿರುಗಿ ಬಂತು," ಎಂದು ಅವರು ನಕ್ಕರು.

ನಾನು ನಗಲಿಲ್ಲ. ಆ ಕಾಲಾಳುಗಳ ಸಾಲನ್ನೇ ನೋಡುತ್ತಿದ್ದೆ. ಅಯ್ಯೋ, ಇದು ನನ್ನ ಪುಸ್ತಕಗಳಲ್ಲೂ ಇದೆಯಲ್ಲ! ದೊಡ್ಡ ದೊಡ್ಡವರು ಆಡುವ ಇಂಡಿಯನ್ ಡಿಫೆನ್ಸ್ ಎಂಬ ಕುಟುಂಬದ ಓಪನಿಂಗುಗಳಲ್ಲಿ ಕಪ್ಪು ಕಾಯಿಯವರು ಹೀಗೆಯೇ ನಿಧಾನಕ್ಕೆ ಕಾಲಾಳು ಒಂದೊಂದು ಮನೆ ಸರಿಸಿ, ಒಂಟೆಯನ್ನು ಪಕ್ಕಕ್ಕೆ ಕೂರಿಸಿ, ಎದುರಾಳಿ ಮೈಮೇಲೆ ಬರಲಿ ಎಂದು ಕಾಯುತ್ತಾರೆ. ನಮ್ಮ ದೇಶದ ಹಳೇ ಆಟದ ನೆರಳು ಅದರ ಮೇಲೆ ಇರುವುದಕ್ಕೇ ಆ ಹೆಸರು ಬಂದದ್ದು. ನಾನು ಅವಳ ಮನೆಯ ಸಾಮಾನನ್ನು ಹೊರಗೆ ಎಸೆದು, ಇಟಲಿಯಿಂದ ಹೊಸದು ತಂದು ಜೋಡಿಸಲು ಹೊರಟಿದ್ದೆ.

ಅಲ್ಲೇ ತೀರ್ಮಾನ ಮಾಡಿದೆ. ಇಟಾಲಿಯನ್ ಬಂದ್. ಬಿಳಿ ಇರಲಿ ಕಪ್ಪು ಇರಲಿ, ನೀನು ಮನೆಯಲ್ಲಿ ಆಡುವ ಸಾಲನ್ನೇ ಆಡು, ಮೊದಲ ನಡೆಗೆ ಒಂದೇ ಕೈ ಹಾಕು ಅಷ್ಟೇ ಎಂದೆ. ಅವಳ ಮುಖ ಅರಳಿತು. ಪಟ್ಟಿಗೆ ಹೆಸರು ತರಬೇಕಿದ್ದ ರೇಟಿಂಗ್ ಟೂರ್ನಮೆಂಟಿಗೆ ಎರಡು ತಿಂಗಳೂ ಇರದಿದ್ದಾಗ ಓಪನಿಂಗ್ ಬದಲಿಸುವುದು ತರಬೇತಿ ಕೊಡುವವರ ಪ್ರಕಾರ ಹುಚ್ಚು. ನಾನೇ ಬೇರೆಯವರಿಗೆ ಹಾಗೆ ಮಾಡಬೇಡಿ ಎಂದು ಹೇಳಿದ್ದೇನೆ.

ಬದಲಿಸಬೇಕಾಗಿದ್ದು ಒಂದೇ ಒಂದು, ರಾಜನ ಜಿಗಿತ. ಅದರ ಜಾಗದಲ್ಲಿ ಕೋಟೆ ಕಟ್ಟುವುದನ್ನು ಕೂರಿಸಬೇಕಿತ್ತು. ಹತ್ತು ನಡೆಯೊಳಗೆ, ಆಕಾಶ ಬಿದ್ದರೂ, ಕೋಟೆ ಕಟ್ಟು ಎಂದು ಕಟ್ಟಪ್ಪಣೆ ಮಾಡಿದೆ. ಶಿಗ್ಗಾವಿಯ ತರಗತಿಯಲ್ಲಿ ಅವಳು ಬಂದು ಕೂತ ಕೂಡಲೇ ಮೊದಲು ಅದೇ: ರಾಜ ಎರಡು ಮನೆ, ಆನೆ ಈ ಕಡೆ. ರಾಜನನ್ನೇ ಮೊದಲು ಮುಟ್ಟು, ಆನೆಯನ್ನು ಮುಟ್ಟಬೇಡ, ಒಂದೇ ಕೈ. ಮನೆಯಲ್ಲಿ ಮಾವನ ಜೊತೆ ಆಡುವಾಗಲೂ ಜಿಗಿಯಬೇಡ ಎಂದೆ. ಅದಕ್ಕೆ ಮಾವ ಒಪ್ಪಲಿಲ್ಲ. ರಾಜ ಜಿಗಿಯದಿದ್ದರೆ ಅದು ಆಟವೇ ಅಲ್ಲ, ಬೇಕಾದರೆ ಅಕ್ಕೋರ ಜೊತೆ ಹಾಗೆ ಆಡಿಕೋ ಎಂದರಂತೆ. ಸೊಸೆ ಶಿಗ್ಗಾವಿಯಲ್ಲಿ ಕೋಟೆ ಕಟ್ಟುತ್ತ, ಮನೆಯಲ್ಲಿ ಜಿಗಿಯುತ್ತ ಎರಡನ್ನೂ ನಡೆಸಿದಳು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ನಾನೂ ಅಷ್ಟಕ್ಕೇ ಬಿಟ್ಟೆ.

ಟೂರ್ನಮೆಂಟು ಹಿರೇಕೆರೂರಿನ ಒಂದು ಕಲ್ಯಾಣ ಮಂಟಪದಲ್ಲಿ. ಅವಳೂ ಅವಳ ಮಾವನೂ ಹಿಂದಿನ ದಿನವೇ ಹಾನಗಲ್ಲಿಗೆ ನಮ್ಮ ಮನೆಗೆ ಬಂದರು, ಬೆಳಗಿನ ಬಸ್ಸಿಗೆ ಮೂವರೂ ಹೊರಟೆವು. ಚಿಕ್ಕೇರೂರು ದಾಟುವವರೆಗೆ ಮುದುಕರು ಒಂದೇ ಸಮ ಬೆಳೆ ನೋಡುತ್ತ ಮಾತಾಡಿದರು, ಅವಳು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ನಿದ್ದೆ ಅಂದುಕೊಂಡೆ, ಬೆರಳು ನೋಡಿದರೆ ತೊಡೆಯ ಮೇಲೆ ಕಾಯಿ ನಡೆಸುತ್ತಿದ್ದವು.

ಪಟ್ಟಿಯಲ್ಲಿ ಹೆಸರು ಬರುವ ಲೆಕ್ಕ ಇಷ್ಟೇ: ರೇಟಿಂಗ್ ಇರುವ ಐವರು ಎದುರಾಳಿಗಳ ಜೊತೆ ಆಡಬೇಕು, ಆ ಐದು ಆಟದಲ್ಲಿ ಒಂದು ಮಟ್ಟಕ್ಕೆ ಕಡಿಮೆಯಾಗದಷ್ಟು ಅಂಕ ತೆಗೆಯಬೇಕು. ಗೆದ್ದರೆ ಒಂದು, ಡ್ರಾ ಆದರೆ ಅರ್ಧ. ಮೊದಲ ದಿನ ಹೆದರಿಕೆಯಿಂದ ಗಡಿಯಾರ ಒತ್ತುವುದನ್ನೇ ಮರೆತು, ತನ್ನ ಸಮಯ ತಾನೇ ಕಳೆದುಕೊಂಡು ಸೋತಳು. ಮತ್ತೊಂದು ತಕರಾರು ನಡೆಗಳನ್ನು ಬರೆಯುವ ಹಾಳೆಯದು. ಅವಳು ಕುದುರೆಗೆ 'ಕು', ಒಂಟೆಗೆ 'ಒಂ' ಎಂದು ಕನ್ನಡದಲ್ಲಿ ಬರೆಯುತ್ತಿದ್ದಳು. ಎದುರಿಗಿದ್ದವರು ಇದು ನಡೆಯುವುದಿಲ್ಲ ಎಂದರು. ತೀರ್ಪುಗಾರರು ನಿಯಮದ ಪುಸ್ತಕ ತಿರುವಿ, ಕಾಯಿಯ ಹೆಸರಿನ ಅಕ್ಷರ ಅವರವರ ಭಾಷೆಯಲ್ಲಿ ಇರಬಹುದು ಎಂದು ಹೇಳಿ ಹೋದರು. ಅಷ್ಟರಿಂದಲೇ ಅವಳಿಗೆ ಒಂದು ಧೈರ್ಯ ಬಂದಂತಾಯಿತು. ಮುಂದಿನ ಆಟ ಗೆದ್ದಳು. ಆ ನಿಧಾನದ ಸಾಲಿಗೆ ತಲೆ ಚಚ್ಚಿಕೊಂಡು ಒಬ್ಬ ಬ್ಯಾಂಕಿನ ಸಾಹೇಬರು ಸೋತರು. ಆಮೇಲೆ ಒಂದು ಸೋಲು, ಒಂದು ಡ್ರಾ. ಪ್ರತಿ ಆಟದಲ್ಲೂ ಹತ್ತು ನಡೆಯೊಳಗೆ ಕೋಟೆ ಕಟ್ಟಿದ್ದಳು.

ಕೊನೆಯ ಸುತ್ತು ಬಂದಾಗ ನಾನು ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ಅರ್ಧ ಅಂಕ ಬಂದರೆ ಹೆಸರು ಪಟ್ಟಿಗೆ ಬರುತ್ತದೆ. ಸೋತರೆ ಇಲ್ಲ, ಮತ್ತೆ ಸಮೀಪದಲ್ಲಿ ಟೂರ್ನಮೆಂಟೂ ಇಲ್ಲ, ಸವಣೂರು ಕೈಬಿಟ್ಟ ಹಾಗೆಯೇ. ಅವಳಿಗೆ ಇಷ್ಟೇ ಹೇಳಿದೆ: "ಅರ್ಧ ತಾ. ಸಾಕು."

ಎದುರಿಗೆ ದಾವಣಗೆರೆ ಕಡೆಯ ಕಾಲೇಜು ಹುಡುಗ, ಒಳ್ಳೆಯ ರೇಟಿಂಗಿನವ, ಬಿಳಿ ಕಾಯಿ ಅವನದು. ನೋಡುವವರನ್ನು ಹಗ್ಗದ ಈಚೆ ಕುರ್ಚಿ ಹಾಕಿ ಕೂರಿಸಿದ್ದರು. ಅವಳ ಬೋರ್ಡು ನಮಗೆ ಹತ್ತಿರದ ಸಾಲಿನಲ್ಲೇ ಇದ್ದದ್ದರಿಂದ ಎಲ್ಲ ಕಾಣುತ್ತಿತ್ತು. ಮಾತು ಮಾತ್ರ ಆಡುವಂತಿಲ್ಲ, ಸನ್ನೆಯೂ ಮಾಡುವಂತಿಲ್ಲ. ನನ್ನಂಥವಳಿಗೆ ಅದೇ ದೊಡ್ಡ ಶಿಕ್ಷೆ. ಪಕ್ಕದಲ್ಲಿ ಮಾವ ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಹುಡುಗ ಅವಳ ಹಿಂದಿನ ಆಟಗಳನ್ನು ನೋಡಿಕೊಂಡು ಬಂದಿದ್ದ. ನಿಧಾನದ ಸಾಲಿಗೆ ಮದ್ದು ಏನೆಂದು ಗೊತ್ತಿತ್ತು. ಅವಳ ಕಾಲಾಳುಗಳು ಒಂದೊಂದು ಮನೆ ಎದ್ದು, ಒಂಟೆ ಪಕ್ಕಕ್ಕೆ ಕೂತ ಮೇಲೆ, ಅವನು ತನ್ನ ಮಂತ್ರಿಯನ್ನೂ ಒಂಟೆಯನ್ನೂ ಒಂದೇ ಓರೆಗೆರೆಯಲ್ಲಿ ಜೋಡಿಸಿ ಅವಳ ಒಂಟೆಗೆ ಒಂಟೆ ಕೊಟ್ಟು ಬದಲಿ ಮಾಡಿದ. ಅವಳು ಹೊಡೆದಳು, ಅವನ ಮಂತ್ರಿ ಹೊಡೆಯಿತು, ಬಂದು ಎಚ್6 ಮನೆಯಲ್ಲಿ ಕೂತಿತು. ಅಲ್ಲಿಂದ ಆ ಮಂತ್ರಿಯ ಕಣ್ಣು ನೇರವಾಗಿ ಅವಳ ರಾಜನ ಪಕ್ಕದ ಮನೆಯ ಮೇಲೆ. ಎದುರಾಳಿಯ ಕಣ್ಣಿರುವ ಮನೆಯನ್ನು ದಾಟಿ ರಾಜ ಕೋಟೆ ಕಟ್ಟುವಂತಿಲ್ಲ. ಮಂತ್ರಿಯ ಕಡೆಯ ಕೋಟೆಗೆ ಇನ್ನೂ ಅವಳದೇ ಕಾಯಿ ಅಡ್ಡ ಇತ್ತು. ಒಂದು ನಡೆ ಮೊದಲು ಕಟ್ಟಬಹುದಿತ್ತು, ಅವಳು ತಡಮಾಡಿದ್ದಳು. ಹತ್ತು ನಡೆಯೊಳಗೆ ಕೋಟೆ ಕಟ್ಟು ಎಂದು ತಲೆಗೆ ತುಂಬಿದವಳು ನಾನು. ಕಟ್ಟಲು ಬಿಡದಿದ್ದರೆ ಏನು ಮಾಡಬೇಕೆಂದು ಹೇಳಿಕೊಟ್ಟಿರಲಿಲ್ಲ.

ಅವಳು ನಡುವೆ ಕಾಲಾಳು ಬದಲಿ ಮಾಡಿದಳು, ಮಂತ್ರಿಯನ್ನು ರಾಜನ ಮುಂದೆ ನಿಲ್ಲಿಸಿದಳು. ಹುಡುಗ ತನ್ನ ರಾಜನಿಗೆ ಕೋಟೆ ಕಟ್ಟಿ ಬೀಗಿದ. ಆಮೇಲೆ ಅವಳು ಬಹಳ ಹೊತ್ತು ಕೂತಳು. ಮುಖದಲ್ಲಿ ಗಾಬರಿ ಇರಲಿಲ್ಲ. ಮಧ್ಯಾಹ್ನ ಊಟ ಮಾಡಿ ಪಡಸಾಲೆಯಲ್ಲಿ ಕೂತ ಮುಖ ಅದು. ಕೈ ಎತ್ತಿದಳು, ರಾಜನನ್ನು ಹಿಡಿದಳು, ಬಲಕ್ಕೆ ಓರೆಯಾಗಿ ಸಿ7 ಮನೆಗೆ ತಂದಿಟ್ಟಳು, ಗಡಿಯಾರ ಒತ್ತಿದಳು. ಕುದುರೆಯ ಜಿಗಿತ.

"ಛಲೋ ಜಿಗಿಸಿದ್ಲು," ಎಂದರು ಪಕ್ಕದಲ್ಲಿ ಮಾವ, ತೃಪ್ತಿಯಿಂದ.

ನಾನು ಅವರ ಮೊಣಕೈ ಹಿಡಿದುಕೊಂಡೆ. ಹುಡುಗ ಮೊದಲು ಕಣ್ಣು ಪಿಳಿಪಿಳಿ ಮಾಡಿದ, ಆಮೇಲೆ ಗಡಿಯಾರ ನಿಲ್ಲಿಸಿ ಕೈ ಎತ್ತಿದ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಗ ಅವಳು ಬೋರ್ಡು ನೋಡಿದಳು, ತನ್ನ ಕೈ ನೋಡಿಕೊಂಡಳು. ಆ ಮುಖವನ್ನು ನಾನು ಮತ್ತೆ ನೋಡಲಾರೆ ಎಂದು ನೆಲ ನೋಡಿದೆ.

ಮಾವನಿಗೆ ಗಡಿಯಾರ ಯಾಕೆ ನಿಂತಿತೆಂದು ತಿಳಿಯಲಿಲ್ಲ. "ಯಾಕ ನಿಂದ್ರಿಸಿದ್ರು? ಇನ್ನೂ ಒಂದ ಸಲಾನೂ ಜಿಗಿದಿದ್ದಿಲ್ಲಲ್ಲ," ಎಂದು ಏಳಲು ಹೋದರು. ನಾನು ಅವರ ಧೋತರದ ಚುಂಗು ಹಿಡಿದು ಕೂರಿಸಿ ಕಿವಿಯಲ್ಲಿ, ಇಲ್ಲಿ ರಾಜ ಜಿಗಿಯುವ ಹಾಗಿಲ್ಲ ಯಜಮಾನ್ರೇ, ಮಾತಾಡಿದರೆ ನಮ್ಮನ್ನು ಹೊರಗೆ ಹಾಕುತ್ತಾರೆ ಎಂದೆ. ಅವರು ಬಾಯಿ ಮುಚ್ಚಿದರು. ಹಾಗಿದ್ದರೆ ಇದಕ್ಕೆ ರಾಜ ಅಂತ ಯಾಕೆ ಕರೆಯುತ್ತಾರೋ ಎಂದು ಗೊಣಗಿದ್ದು ಮಾತ್ರ ಕೇಳಿಸಿತು.

ತೀರ್ಪುಗಾರರು ಬಂದರು. ಶಾಂತವಾಗಿ ನಿಂತು ಕನ್ನಡದಲ್ಲೇ ಹೇಳಿದರು. ನಿಯಮಕ್ಕೆ ವಿರುದ್ಧ ನಡೆ, ಆದ್ದರಿಂದ ಎದುರಾಳಿಗೆ ಎರಡು ನಿಮಿಷ ಹೆಚ್ಚು. ಇನ್ನೊಮ್ಮೆ ಹೀಗಾದರೆ ಆಟ ಸೋತ ಹಾಗೆ. ಮತ್ತು ರಾಜನನ್ನು ಮುಟ್ಟಿದ್ದೀರಿ, ಹಾಗಾಗಿ ರಾಜನನ್ನೇ ಆಡಬೇಕು. ಇಷ್ಟು ಹೇಳಿ ರಾಜನನ್ನು ಹಿಂದಿನ ಮನೆಗೆ ಇಟ್ಟು ಗಡಿಯಾರ ಚಾಲೂ ಮಾಡಿದರು.

ನಾನು ರಾಜನ ಸುತ್ತಲಿನ ಮನೆಗಳನ್ನು ಎಣಿಸಿದೆ. ಮುಂದೆ ಅವಳದೇ ಮಂತ್ರಿ, ಕುದುರೆ, ಕಾಲಾಳು. ಎಡಕ್ಕೆ ಹುಡುಗನ ಮಂತ್ರಿಯ ಕಣ್ಣು. ಉಳಿದಿದ್ದು ಬಲಕ್ಕೆ ಒಂದೇ ಮನೆ, ಡಿ8. ಅಲ್ಲಿಗೆ ಹೋದರೆ ಕೋಟೆಯ ಹಕ್ಕು ಪೂರ್ತಿ ಹೋಯಿತು, ರಾಜ ಬಯಲಿಗೆ ಬಿದ್ದ ಹಾಗೆ. ನನ್ನ ಯಾವ ಪಾಠದಲ್ಲೂ ಇಂಥ ರಾಜ ಬದುಕುವುದಿಲ್ಲ.

ಅವಳು ಕೂಡಲೇ ಆಡಲಿಲ್ಲ. ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಳು. ಕಣ್ಣು ಮುಚ್ಚಿ ತೆರೆದಳು. ಆಮೇಲೆ ಒಂದು ಕೈ ತೆಗೆದು ರಾಜನನ್ನು ಡಿ8ಗೆ ಸರಿಸಿದಳು. ಹುಡುಗನಿಗೆ ಅವಸರವಾಯಿತು, ಆತುರಗಾರನಿಗೆ ಬುದ್ಧಿ ಮಟ್ಟ. ಈಗಲೇ ಮುಗಿಸಿಬಿಡುತ್ತೇನೆಂದು ಒಂದು ಆನೆಯನ್ನು ಮುಂದೆ ಸರಿಸಿ ಡಿ ಸಾಲಿನಲ್ಲಿ ಎರಡೂ ಆನೆ ಜೋಡಿಸಲು ಹೊರಟ. ಒಂದು ನಡೆ ಅದಕ್ಕೆ ಹೋಯಿತು. ಅಷ್ಟರಲ್ಲಿ ಅವಳ ರಾಜ ಮತ್ತೊಂದು ಹೆಜ್ಜೆ ಇಟ್ಟ. ಸಿ7. ಒಂದು ಜಿಗಿತಕ್ಕೆ ಮುಟ್ಟಬೇಕೆಂದಿದ್ದ ಮನೆಗೆ ಎರಡು ಹೆಜ್ಜೆಯಲ್ಲಿ ನಡೆದು ಬಂದು ನಿಂತ.

ಮಾವ ನನ್ನ ಕಡೆ ಬಾಗಿದರು. "ಜಿಗಿದ್ರೇನು, ನಡದ್ರೇನು. ಮನಿ ಮುಟ್ಟಿತಲ್ಲ."

ಅಲ್ಲಿಂದ ಮುಂದೆ ನಾನು ನೋಡಿದ್ದು ಹಿರೇಬೆಂಡಿಗೇರಿಯ ಪಡಸಾಲೆಯನ್ನೇ. ರಾಜನ ಸುತ್ತ ಕಾಲಾಳುಗಳು ಒಂದೊಂದು ಮನೆ ಎದ್ದು ನಿಂತವು. ಕುದುರೆ ಹುಡುಗನ ಒಂಟೆಯನ್ನು ಅಟ್ಟಿತು. ಅವಳ ಎರಡೂ ಆನೆಗಳು ಹಿಂದಿನ ಸಾಲಿನಲ್ಲಿ ಒಂದನ್ನೊಂದು ಕಂಡವು. ಹುಡುಗನ ಮಂತ್ರಿ ಮಾತ್ರ ಆ ಮೂಲೆಯಲ್ಲೇ ಒಂಟಿಯಾಗಿ, ಬೇಟೆ ಮುಗಿದ ಮೇಲೂ ಹಳ್ಳದ ದಂಡೆಯಲ್ಲಿ ಕೂತವರಂತೆ ಕೂತಿತ್ತು. ಒಂದು ಜೊತೆ ಆನೆ ಬದಲಿಯಾಯಿತು, ಒಂದು ಜೊತೆ ಕುದುರೆಯೂ ಹೋಯಿತು. ಅವಳು ಪ್ರತಿ ನಡೆಗೂ ಮೊದಲು ಕೈಯನ್ನು ತೊಡೆಯ ಕೆಳಗಿನಿಂದ ತೆಗೆಯುತ್ತಿದ್ದಳು, ಆಡಿದ ಕೂಡಲೇ ಮತ್ತೆ ಅಲ್ಲಿಗೇ ಇಡುತ್ತಿದ್ದಳು. ಉಳಿದ ಕುದುರೆ ಸುತ್ತುಹಾಕಿ ಬಂದು ಎಫ್4ರಲ್ಲಿ ನಿಂತಿತು. ಹುಡುಗ ಈಗ ಹಣೆ ಒರೆಸಿಕೊಳ್ಳುತ್ತಿದ್ದ.

ಅವನು ಆನೆಯನ್ನು ಪಕ್ಕಕ್ಕೆ ಜಿ1ಕ್ಕೆ ತಂದಿಟ್ಟ. ಇಟ್ಟು, ಗಡಿಯಾರ ಒತ್ತುವ ಮೊದಲು ಅವಳ ಕಡೆ ನೋಡಿ, "ಡ್ರಾ ಮಾಡ್ಕೊಳ್ಳೋಣವಾ ಮೇಡಂ?" ಎಂದು ಕೇಳಿದ.

ನನಗೆ ಕಂಡಿತು. ಎಫ್4ರ ಕುದುರೆ ಇ2ಕ್ಕೆ ಜಿಗಿದರೆ ಹುಡುಗನ ರಾಜನಿಗೆ ಚೆಕ್, ಅದೇ ಏಟಿಗೆ ಜಿ1ರ ಆನೆಯ ಮೇಲೂ ಕಣ್ಣು. ರಾಜ ಸರಿಯಲೇಬೇಕು, ಆನೆ ಹೋಗಲೇಬೇಕು. ಇಡೀ ಆಟ ಅವಳ ಅಂಗೈಯಲ್ಲಿತ್ತು. ನೋಡು ತಾಯಿ, ಕುದುರೆ ನೋಡು ಎಂದು ಒಳಗೊಳಗೇ ಕೂಗಿಕೊಂಡೆ. ಅವಳು ಬೋರ್ಡನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡುತ್ತ ಹೋದಳು. ಕೈ ತೊಡೆಯ ಕೆಳಗಿನಿಂದ ಹೊರಗೆ ಬಂತು, ಕುದುರೆಯ ಮೇಲಕ್ಕೆ ಬಂದು ಒಂದು ಗಳಿಗೆ ನಿಂತಿತು. ಆ ಕೈ ಕುದುರೆಯನ್ನು ದಾಟಿ ಮುಂದೆ ಹೋಗಿ ಹುಡುಗನ ಮುಂದೆ ಚಾಚಿತು. ಕೈ ಕುಲುಕಿದರು. ಡ್ರಾ.

ಅರ್ಧ ಅಂಕ ಬಂತು. ಹೊರಗೆ ಬಂದ ಸೊಸೆ ಮಾವನ ಕಾಲು ಮುಟ್ಟಿದಳು, ನನ್ನ ಕಾಲಿಗೂ ಬಂದಳು, ನಾನು ಎತ್ತಿ ತಬ್ಬಿಕೊಂಡೆ. ಮಾವ ಮೂವರಿಗೂ ಗಿರ್ಮಿಟ್ಟು-ಮಿರ್ಚಿ ತಂದರು. ಅಂಥ ಸಂತೋಷ ನನಗೆ ನನ್ನದೇ ಯಾವ ಗೆಲುವಿನಲ್ಲೂ ಆಗಿರಲಿಲ್ಲ. ಆದರೆ ಆ ಕುದುರೆ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಕಂಡದ್ದನ್ನು ಹೇಳದೆ ಇಟ್ಟುಕೊಳ್ಳುವ ಹೊಟ್ಟೆ ನನ್ನದಲ್ಲ. ಆದರೂ ಅವಳ ಸಂತೋಷಕ್ಕೆ ಮಣ್ಣು ಹಾಕುವುದು ಬೇಡವೆಂದು ಮಿರ್ಚಿಯ ಜೊತೆ ಅದನ್ನೂ ನುಂಗಿದೆ.

ಪಟ್ಟಿಯಲ್ಲಿ ಹೆಸರು ಬಂತು. ಹೆಡ್ ಮೇಡಂ ಮೊಬೈಲಿನಲ್ಲಿ ತಾವೇ ಹುಡುಕಿ ನೋಡಿ, ಹೆಸರನ್ನು ಜೋರಾಗಿ ಓದಿದರು. ಶಾಲೆ ಶುರುವಾದ ವಾರ, ಒಪ್ಪಿಸಿ ಬರಲು ಅಂತ ಅವಳ ಜೊತೆ ನಾನೂ ಸವಣೂರಿಗೆ ಹೋದೆ. ತರಗತಿ ಅವಳೇ ತೆಗೆದುಕೊಂಡಳು, ನಾನು ಹಿಂದೆ ಕೂತೆ. ಚೆನ್ನಾಗಿ ಕಲಿಸಿದಳು, ನನ್ನಷ್ಟು ಬೈಯಲಿಲ್ಲ, ಅದೊಂದು ಕೊರತೆ. ಮಕ್ಕಳೆಲ್ಲ ಹೋದ ಮೇಲೆ ಅವಳು ಮೇಜಿನ ಹಿಂದಿನ ಕುರ್ಚಿಯಲ್ಲಿ ಕೂತು ಕಾಯಿಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಇನ್ನು ತಡೆಯಲಾಗಲಿಲ್ಲ. ನಾಲ್ಕೈದು ಕಾಯಿ ಎತ್ತಿಕೊಂಡು ಹಿರೇಕೆರೂರಿನ ಆ ಗಳಿಗೆಯನ್ನು ಬೋರ್ಡಿನ ಮೇಲಿಟ್ಟೆ. ಇಲ್ಲಿ ಕುದುರೆ ಆಡಿದ್ದರೆ ಗೆಲ್ಲುತ್ತಿದ್ದೆ, ನಿನಗೆ ಕಾಣಲಿಲ್ಲವಲ್ಲ, ಮುಂದೆ ಮಕ್ಕಳಿಗೆ ಹೇಳಿಕೊಡುವಾಗ ನೆನಪಿರಲಿ ಎಂದೆ.

ಅವಳು ಬೋರ್ಡು ನೋಡಲೇ ಇಲ್ಲ. ಕಾಯಿ ತುಂಬುತ್ತಲೇ ಇದ್ದಳು.

"ಕಂಡಿತ್ತರಿ ಅಕ್ಕೋರ. ಅಂವ ಆನಿ ಇಟ್ಟ ಕೂಡ್ಲೇ ಕಂಡಿತ್ತು."

"ಮತ್ಯಾಕ ಆಡಲಿಲ್ಲ?"

"ಅವತ್ತ ನನ್ನ ಕೈ ಮ್ಯಾಲೆ ನನಗ ಭರವಸೆ ಇರಲಿಲ್ಲರಿ. ಒಮ್ಮೆ ಹೇಳದ ಕೇಳದ ಜಿಗಿದು ಬಿಟ್ಟಿತ್ತು. ಇನ್ನೊಮ್ಮೆ ತಪ್ಪಿದ್ರ ಎಲ್ಲಾ ಹೋಕ್ಕಿತ್ತು. ನೀವು ಅರ್ಧ ತಾ ಅಂದಿದ್ರಿ, ತಂದೆ." ಡಬ್ಬಿ ಮುಚ್ಚಿ, ತಾನು ಕೂತ ಕುರ್ಚಿಯ ತೋಳು ತಟ್ಟಿದಳು. "ಗೆದ್ದಿದ್ರ ಇಲ್ಲೆ ನನಗ ಎರಡು ಕುರ್ಚಿ ಹಾಕ್ತಿದ್ರೇನು?"